ದ್ವಿಚಂದ್ರದೃಷ್ಟಾಂತವೂ ಇಮ್ಮಡಿ ನೋಟದ ಕನ್ನಡಕವೂ

ಭ್ರಾಂತಿಯ ಸ್ವರೂಪವನ್ನು ವಿಚಾರಿಸುವ ಶಾಸ್ತ್ರಗ್ರಂಥಗಳಲ್ಲಿ ಶುಕ್ತಿರಜತ, ರಜ್ಜುಸರ್ಪ, ಪೀತಶಂಖ, ಮರೀಚಿಕಾಜಲ ಎಂಬಿವುಗಳ ಸಾಲಿನಲ್ಲಿ ದ್ವಿಚಂದ್ರವೆಂಬ ದೃಷ್ಟಾಂತವೂ ಬಹುಕಾಲದಿಂದ ನಡೆದುಬಂದಿರುವುದು. ಬೌದ್ಧಾಚಾರ್ಯನಾದ ದಿಙ್ನಾಗನು ಆಲಂಬನಪರೀಕ್ಷೆಯಲ್ಲಿ ಇದನ್ನು ಎತ್ತಿಕೊಂಡನು. ಶ್ರೀ ಶಂಕರಭಗವತ್ಪಾದರು ಅಧ್ಯಾಸಭಾಷ್ಯದಲ್ಲಿ ಲೋಕಾನುಭವವನ್ನು ಹೇಳುವಾಗ ಕಪ್ಪೆಚಿಪ್ಪಿನ ಬೆಳ್ಳಿಯ ಒಡನೆಯೇ ಇದನ್ನಿರಿಸಿದರು. ಶ್ರೀ ರಾಮಾನುಜಾಚಾರ್ಯರು ಶ್ರೀಭಾಷ್ಯದ ಜಿಜ್ಞಾಸಾಧಿಕರಣದಲ್ಲಿ ಇದರ ಉಪಪತ್ತಿಯನ್ನೇ ಬಿಡಿಸಿ ಬರೆದರು. ಇಷ್ಟು ಜನ ಮಹನೀಯರ ಕೈಯಲ್ಲಿ ಓಡಾಡಿದ ದೃಷ್ಟಾಂತವನ್ನು ಪಾಠಶಾಲೆಗಳಲ್ಲಿ ವಿದ್ಯಾರ್ಥಿಗಳು ಕಂಠಸ್ಥಮಾಡಿ ಮುಂದೆ ಸಾಗುವರೇ ಹೊರತು, ನಿಜವಾಗಿ ಎರಡು ಚಂದ್ರರನ್ನು ಕಾಣುವವನೊಬ್ಬನು ಎದುರಿಗೆ ಬಂದು ನಿಂತರೆ ಅವನ ವಿಷಯದಲ್ಲಿ ಶಾಸ್ತ್ರವು ಏನು ಹೇಳುವುದೆಂದು ಕೇಳುವವರು ವಿರಳ.

ಕೇಳಬೇಕಾದ ಕಾರಣವುಂಟು. ಹಗ್ಗವನ್ನು ಹಾವೆಂದು ಬೆದರಿದವನು ದೀಪ ತಂದು ನೋಡಿದೊಡನೆ ಹಾವು ಮಾಯವಾಗುವುದು. ಅಲ್ಲಿ ಅಧಿಷ್ಠಾನಜ್ಞಾನವೇ ಬಾಧಕ. ಎರಡನೆಯ ಚಂದ್ರನಾದರೋ ಹಾಗಲ್ಲ. ಚಂದ್ರನೊಬ್ಬನೇ ಎಂಬುದನ್ನು ಅಕ್ಷರಾಭ್ಯಾಸವಿಲ್ಲದವನೂ ಬಲ್ಲನು; ಬಲ್ಲವನಾದರೂ ಎರಡನ್ನು ಕಾಣುತ್ತಲೇ ಇರುವನು. ಯಾವ ಆಪ್ತವಾಕ್ಯವೂ ಆ ಎರಡನೆಯದನ್ನು ಅಳಿಸಲಾರದು. ಆದಕಾರಣ ಇವನನ್ನು ಹಗ್ಗಕ್ಕೆ ಹೆದರಿದವನ ಪಂಕ್ತಿಯಲ್ಲಿ ಕೂರಿಸಿ ‘ಭ್ರಾಂತ’ನೆಂದು ಕರೆಯುವುದು ಎಷ್ಟುಮಟ್ಟಿಗೆ ನ್ಯಾಯ್ಯವೆಂಬ ಪ್ರಶ್ನೆ ಏಳುತ್ತದೆ. ಇದು ಬರಿಯ ಪದಜಿಜ್ಞಾಸೆಯಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಾಗಲಿ ಹೊಸಕೋಟೆಯ ಸಂತೆಯಲ್ಲಾಗಲಿ ವಯಸ್ಸಾದವನೊಬ್ಬನು ‘ಮೆಟ್ಟಿಲು ಎರಡೆರಡಾಗಿ ಕಾಣುತ್ತದೆ’ ಎಂದರೆ, ಕುಡಿದಿರಬೇಕೆಂದು ನಗುವವರೂ ಬುದ್ಧಿಭ್ರಮಣೆಯೆಂದು ಮರುಗುವವರೂ ಬಹುಮಂದಿ. ಅವನು ಕಂಡದ್ದನ್ನು ಕಂಡಂತೆಯೇ ಹೇಳುತ್ತಿರುವನೆಂದು ನಂಬುವವರು ಸ್ವಲ್ಪ. ಈಗಿನ ಕಾಲದಲ್ಲಿ ಇಂತಹವರಿಗೆ ಪ್ರಿಸಂ ಎಂಬ ತ್ರಿಪಾರ್ಶ್ವದ ಗಾಜನ್ನು ಅಳವಡಿಸಿದ, ದೂರಕ್ಕೂ ಹತ್ತಿರಕ್ಕೂ ಒದಗುವ ಇಬ್ಬಗೆಯ ಕನ್ನಡಕವನ್ನು ಅಳತೆಯಿಟ್ಟು ಕೊಡುವ ವಿದ್ಯೆ ಬೆಳೆದುಬಂದಿದೆ. ಆ ಕನ್ನಡಕದ ಒರೆಗಲ್ಲಿಗೆ ದ್ವಿಚಂದ್ರದೃಷ್ಟಾಂತವನ್ನು ತಿಕ್ಕಿ ನೋಡಿದರೆ ಪ್ರಾಚೀನರಲ್ಲಿ ಯಾರ ಮಾತು ನಿಲ್ಲುವುದು, ಯಾರದು ಸವೆಯುವುದು ಎಂಬುದೇ ಇಲ್ಲಿಯ ವಿಚಾರ.

ಮೊದಲು ವೈದ್ಯಶಾಸ್ತ್ರ. ಸುಶ್ರುತಸಂಹಿತೆಯ ಉತ್ತರತಂತ್ರದ ಏಳನೆಯ ಅಧ್ಯಾಯದಲ್ಲಿ ದೃಷ್ಟಿಗತರೋಗಗಳನ್ನು ಹೇಳುವಾಗ ಕಣ್ಣಿನ ಪಟಲಗಳಲ್ಲಿ ದೋಷವು ಒಂದೊಂದಾಗಿ ಒಳಹೊಕ್ಕಂತೆ ತಿಮಿರವು ಬಲಿಯುವ ಕ್ರಮವನ್ನು ವರ್ಣಿಸಿದೆ. ಎರಡನೆಯ ಪಟಲಕ್ಕೆ ಬಂದಾಗ ಸೂಜಿಯ ಕಣ್ಣು ಕಾಣದಾಗುವುದು. ಜನರು ಚಾಳೀಸೆಂದು ಕರೆಯುವ ನಡುವಯಸ್ಸಿನ ಮಂದತೆಯು ಯಾರಿಗಾದರೂ ನೆನಪಾಗದಿರದು. ದೋಷವು ಕೆಳಗಿದ್ದರೆ ಸಮೀಪದ್ದು ಕಾಣದು, ಮೇಲಿದ್ದರೆ ದೂರದ್ದು ಕಾಣದು, ಪಕ್ಕದಲ್ಲಿದ್ದರೆ ಪಕ್ಕದ್ದು ಕಾಣದು. ದೃಷ್ಟಿಯ ನಡುವೆ ನಿಂತರೆ ಒಂದು ಎರಡಾಗಿ ತೋರುವುದು, ದೋಷವು ಎರಡು ಕಡೆ ನಿಂತರೆ ಮೂರಾಗಿ, ನೆಲೆಯಿಲ್ಲದೆ ಚಲಿಸಿದರೆ ಬಹುವಾಗಿ ತೋರುವುದು ಎಂದು ಆಚಾರ್ಯನ ಅಭಿಪ್ರಾಯ. ಹತ್ತಿರದ ನೋಟಕ್ಕೆ ಕಣ್ಣಿನ ಕೆಳಭಾಗವನ್ನೂ ದೂರದ ನೋಟಕ್ಕೆ ಮೇಲುಭಾಗವನ್ನೂ ಹೊಂದಿಸಿದ ಈ ವಿಭಾಗವು, ಮೇಲೆ ದೂರದ ಗಾಜು ಕೆಳಗೆ ಓದುವ ಗಾಜು ಇರುವ ಈಗಿನ ಬೈಫೋಕಲ್ ಕನ್ನಡಕವನ್ನು ಕಂಡವರಿಗೆ ವಿಸ್ಮಯವನ್ನುಂಟುಮಾಡುವುದು ಸಹಜ. ಆದರೆ ಅಷ್ಟಕ್ಕೇ ಸುಶ್ರುತನು ಬೈಫೋಕಲನ್ನು ಬಲ್ಲನೆಂದು ಉದ್ಘೋಷಿಸುವುದು ಪಾಂಡಿತ್ಯವಲ್ಲ, ಭಟ್ಟಂಗಿತನ. ಅವನ ಮಾತಿನ ಬೆಲೆ ಬೇರೆಡೆಯಲ್ಲಿದೆ. ಒಂದು ಎರಡಾಗುವುದು, ಮೂರಾಗುವುದು, ಬಹುವಾಗುವುದು ಇವು ಒಂದೇ ಕಣ್ಣಿನೊಳಗಿನ ಕಾರಣದಿಂದ ಆಗುವುವೆಂದು ಅವನು ಗುರುತಿಸಿರುವನು. ಕಣ್ಣಿನೊಳಗಿನ ಮಸೂರವು ಅಲ್ಲಲ್ಲಿ ಮಬ್ಬಾಗಿ ಮೋತಿಬಿಂದುವಾಗುವ ಮೊದಲ ದಿನಗಳಲ್ಲಿ ಒಂದು ದೀಪವು ಹಲವಾಗಿ ಕಾಣುವುದುಂಟು. ಇದು ಇಂದಿನ ನೇತ್ರವೈದ್ಯರಿಗೂ ಸಮ್ಮತವಾದದ್ದೇ.

ಇನ್ನು ತಾರ್ಕಿಕರ ಜಗಳ. ಗೌತಮನ ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ, ಎಡಗಣ್ಣಿನಿಂದ ಕಂಡದ್ದನ್ನು ಬಲಗಣ್ಣು ಗುರುತಿಸುವುದರಿಂದ ಇಂದ್ರಿಯಗಳಿಗಿಂತ ಬೇರೆಯಾದ ಆತ್ಮನುಂಟೆಂದು ಸಾಧಿಸಲಾಗಿದೆ. ಅದಕ್ಕೆ ಪೂರ್ವಪಕ್ಷಿಯು, ಕಣ್ಣೆಂಬುದು ಒಂದೇ, ನಡುವೆ ಮೂಗಿನ ಎಲುಬು ಅಡ್ಡವಿರುವುದರಿಂದ ಎರಡೆಂಬ ಅಭಿಮಾನ ಹುಟ್ಟಿದೆ ಎನ್ನುವನು. ಒಂದು ಕೆಟ್ಟರೂ ಮತ್ತೊಂದು ಉಳಿಯುವುದರಿಂದ ಕಣ್ಣು ಎರಡೇ ಎಂದು ಉತ್ತರ. ಭಾಷ್ಯಕಾರನಾದ ವಾತ್ಸ್ಯಾಯನನು ಎರಡೆಂಬ ಪಕ್ಷದವನು. ವಾರ್ತಿಕಕಾರನಾದ ಉದ್ಯೋತಕರನಿಗೆ ಇದು ಒಪ್ಪಿಗೆಯಿಲ್ಲ. ಚಕ್ಷುರಿಂದ್ರಿಯವು ಒಂದೇ ಎಂದು ಅವನ ಹಟ. ಓದುವಾಗ ಒಣಜಗಳವೆಂದು ತೋರುವ ಈ ಪ್ರಕರಣವು ಇಮ್ಮಡಿ ನೋಟದ ರೋಗಿಯ ಮುಂದೆ ಮಾತ್ರ ಜೀವಂತವಾಗುವುದು. ಕನ್ನಡಕ ಅಳೆಯುವವನು ಮೊದಲು ಮಾಡುವ ಕೆಲಸ ಒಂದೇ: ರೋಗಿಯ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ‘ಈಗ ಎಷ್ಟು?’ ಎಂದು ಕೇಳುವುದು. ಯಾವ ಕಣ್ಣನ್ನು ಮುಚ್ಚಿದರೂ ಒಂದೇ ಆಗಿ, ಎರಡನ್ನೂ ತೆರೆದಾಗ ಮಾತ್ರ ಎರಡಾದರೆ, ಕಣ್ಣುಗಳು ಒಂದೇ ಗುರಿಗೆ ನೆಟ್ಟಿಲ್ಲವೆಂದು ತಿಳಿಯಬೇಕು. ಒಂದು ಕಣ್ಣನ್ನು ಮುಚ್ಚಿದ ಮೇಲೂ ತೆರೆದ ಕಣ್ಣಿಗೇ ಎರಡು ಕಂಡರೆ ದೋಷವು ಆ ಕಣ್ಣಿನೊಳಗೇ ಇದೆ. ಅದು ಸುಶ್ರುತನ ತಿಮಿರ. ಅಂಗೈಯ ಈ ಸಣ್ಣ ಪರೀಕ್ಷೆಯಿಂದ ವಾತ್ಸ್ಯಾಯನನ ಪಕ್ಷವು ಗೆಲ್ಲುವುದು. ಆದರೂ ಉದ್ಯೋತಕರನು ಸಂಪೂರ್ಣ ಸೋತನೆನ್ನಲಾಗದು. ಆರೋಗ್ಯವಂತನ ಎರಡು ಕಣ್ಣುಗಳು ಕಂಡದ್ದು ಒಳಗೆ ಎಲ್ಲಿಯೋ ಒಂದಾಗುವುದೂ ನಿಜವೇ. ಅವನು ಆ ಏಕತ್ವವನ್ನು ಗೋಲಕದಲ್ಲಿ ಹುಡುಕಿದನು, ಅದು ಮಿದುಳಿನಲ್ಲಿತ್ತು.

ಶ್ರೀ ರಾಮಾನುಜರ ಉಪಪಾದನೆಯು ಇವೆಲ್ಲಕ್ಕಿಂತ ಗಹನವಾದದ್ದು. ಎಲ್ಲ ಜ್ಞಾನವೂ ಯಥಾರ್ಥವೆಂಬ ಸಿದ್ಧಾಂತವನ್ನು ಹಿಡಿದವರಿಗೆ ದ್ವಿಚಂದ್ರವು ದೊಡ್ಡ ಇಕ್ಕಟ್ಟು. ಅಲ್ಲದ ಎರಡನೆಯ ಚಂದ್ರನು ಕಂಡನೆಂದರೆ ಸಿದ್ಧಾಂತಕ್ಕೆ ಹಾನಿ. ಆಚಾರ್ಯರು ಅದನ್ನು ಪರಿಹರಿಸಿದ ರೀತಿ ಹೀಗಿದೆ. ಬೆರಳಿನಿಂದ ಕಣ್ಣನ್ನು ಒತ್ತುವುದರಿಂದಲೋ ತಿಮಿರಾದಿಗಳಿಂದಲೋ ಕಣ್ಣಿನ ತೇಜಸ್ಸಿನ ಗತಿಯು ಬೇರೆಯಾಗಿ, ಒಂದಕ್ಕೊಂದು ಕಾಯದ ಎರಡು ಸಾಮಗ್ರಿಗಳು ಏರ್ಪಡುತ್ತವೆ. ಒಂದು ಸಾಮಗ್ರಿಯು ಚಂದ್ರನನ್ನು ಅವನ ಸ್ವಸ್ಥಾನದೊಡನೆ ಹಿಡಿಯುವುದು. ಇನ್ನೊಂದು ಸ್ವಲ್ಪ ವಕ್ರವಾಗಿ ಹೋಗಿ, ಚಂದ್ರನ ಪಕ್ಕದ ಪ್ರದೇಶವನ್ನು ಮೊದಲು ಹಿಡಿದು, ಆಮೇಲೆ ಚಂದ್ರನನ್ನು ಅವನ ಸ್ಥಾನದಿಂದ ಬಿಡಿಸಿ ಹಿಡಿಯುವುದು. ಗ್ರಹಣಗಳು ಎರಡೂ ನಿಜ, ಚಂದ್ರನೂ ನಿಜ, ಪಕ್ಕದ ಪ್ರದೇಶವೂ ನಿಜ. ಸಹಜವಾಗಿ ಎರಡು ಕಣ್ಣುಗಳೂ ಒಂದೇ ಸಾಮಗ್ರಿಯೊಳಗೆ ಅಡಗಿದ್ದರೂ ದೋಷದಿಂದ ಅದು ಎರಡಾಯಿತೆಂಬುದನ್ನು ಕಾರ್ಯದಿಂದ ಊಹಿಸಬೇಕು. ದೋಷವು ತೊಲಗಿದಾಗ ಒಂದೇ ಗ್ರಹಣಕ್ಕೆ ವಿಷಯನಾದ್ದರಿಂದ ಚಂದ್ರನೊಬ್ಬನೇ ಎಂಬ ಪ್ರತ್ಯಯವಾಗುವುದು.

ಕಣ್ಣಿನಿಂದ ಕಿರಣವು ಹೊರಟುಹೋಗುವುದೆಂಬ ಪ್ರಾಪ್ಯಕಾರಿತ್ವವಾದವನ್ನು ಈಗ ಯಾರೂ ಒಪ್ಪುವುದಿಲ್ಲ. ಬೆಳಕೇ ಕಣ್ಣಿಗೆ ಬರುವುದೆಂದು ೧೧ನೆಯ ಶತಮಾನದಲ್ಲಿ ಅರಬ್ಬರ ಇಬ್ನ್ ಅಲ್ ಹೈಥಮನು ಪ್ರತಿಪಾದಿಸಿದನು, ಯೂರೋಪಿನ ಕೆಪ್ಲರನು ೧೬೦೪ರಲ್ಲಿ ಕಣ್ಣಿನ ಹಿಂದಿನ ಪರದೆಯ ಮೇಲೆ ಬಿಂಬ ಬೀಳುವುದನ್ನು ವಿವರಿಸಿದನು. ಆದರೂ ಕಿರಣದ ದಿಕ್ಕನ್ನು ತಿರುಗುಮುರುಗು ಮಾಡಿಕೊಂಡರೆ ಶ್ರೀಭಾಷ್ಯದ ವಿವರಣೆಯಲ್ಲಿ ಕೆಡುವುದು ಅಲ್ಪವೇ. ಎರಡು ಸ್ವತಂತ್ರ ಸಾಮಗ್ರಿಗಳು, ಅವುಗಳಲ್ಲಿ ಒಂದರ ವಕ್ರಗತಿ, ವಸ್ತುವಿನ ಸ್ಥಾನದಲ್ಲಿ ಮಾತ್ರ ತಪ್ಪು, ಕಾರ್ಯದಿಂದ ಕಾರಣದ ಊಹೆ: ಇಂದು ಕನ್ನಡಕ ಅಳೆಯುವವನು ತನ್ನ ಕೈಯಲ್ಲಿ ಹಿಡಿದಿರುವ ಯುಕ್ತಿಯೂ ಇದೇ. ಎಲ್ಲಕ್ಕಿಂತ ಮುಖ್ಯವಾದುದೇನೆಂದರೆ, ಈ ಮತದಲ್ಲಿ ಎರಡು ಕಾಣುವವನು ಸುಳ್ಳುಗಾರನೂ ಅಲ್ಲ, ಬುದ್ಧಿಗೆಟ್ಟವನೂ ಅಲ್ಲ. ಅವನ ಮಾತು ಪ್ರಮಾಣ. ಪ್ರಿಸಮ್ಮಿನ ಅಳತೆಯೆಲ್ಲವೂ ರೋಗಿಯ ಮಾತಿನ ಮೇಲೆಯೇ ನಿಂತಿರುವುದು. ಎರಡನೆಯದು ಎಡಕ್ಕೋ ಬಲಕ್ಕೋ, ಮೇಲೋ ಕೆಳಗೋ, ಎಷ್ಟು ದೂರ, ಯಾವ ಕಡೆ ನೋಡಿದಾಗ ಹೆಚ್ಚು ಎಂಬುದನ್ನು ಅವನಲ್ಲದೆ ಹೇಳಬಲ್ಲವರಾರು?

ಶ್ರೀಭಾಷ್ಯದಲ್ಲಿ ಒಂದು ಕೊರತೆಯನ್ನು ಮಾತ್ರ ಮುಚ್ಚಿಡಲಾಗದು. ಬೆರಳಿನ ಒತ್ತನ್ನೂ ತಿಮಿರವನ್ನೂ ಒಂದೇ ಉಸಿರಿನಲ್ಲಿ ಹೇಳಿ ಎರಡಕ್ಕೂ ಒಂದೇ ಉಪಪತ್ತಿಯನ್ನು ಕೊಟ್ಟಿದೆ. ಬೆರಳು ಒತ್ತುವುದರಿಂದ ಒಂದು ಕಣ್ಣಿನ ಗುರಿ ತಪ್ಪಿ ಎರಡಾಗುವುದು; ಇನ್ನೊಂದನ್ನು ಮುಚ್ಚಿದರೆ ಎರಡನೆಯದು ಅಡಗುವುದು. ತಿಮಿರದಲ್ಲಿ ಅಡಗದು. ಮೊದಲನೆಯದಕ್ಕೆ ಪ್ರಿಸಂ ಔಷಧಿಯಂತಿರುವುದು, ಎರಡನೆಯದಕ್ಕೆ ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಅಲ್ಲಿ ಬೇಕಾದುದು ಪೊರೆಯ ಶಸ್ತ್ರಚಿಕಿತ್ಸೆಯೋ ಬೇರೆ ಬಗೆಯ ಗಾಜೋ. ದೃಷ್ಟಾಂತವನ್ನು ಸಿದ್ಧಾಂತಕ್ಕಾಗಿ ಎತ್ತಿಕೊಂಡವರಿಗೆ ಈ ಭೇದದಿಂದ ಪ್ರಯೋಜನವಿರಲಿಲ್ಲವೆಂದು ಸಮಾಧಾನ ಹೇಳಬಹುದು. ಆದರೆ ರೋಗಿಗೆ ಸರ್ವಪ್ರಯೋಜನವೂ ಇದರಲ್ಲಿಯೇ ಇದೆ.

ಪ್ರಿಸಂ ಮಾಡುವ ಕೆಲಸವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಕ್ಷೇತ್ರದಲ್ಲಿ ಒಂದೇ ಶಿಲೆಯಲ್ಲಿ ಪೂರ್ವಾಭಿಮುಖನಾಗಿ ಸುಬ್ರಹ್ಮಣ್ಯನೂ ಪಶ್ಚಿಮಾಭಿಮುಖನಾಗಿ ನರಸಿಂಹನೂ ಇರುವರು. ಮುಂದೆ ನಿಂತ ಭಕ್ತನಿಗೆ ಹಿಂಬದಿಯ ನರಸಿಂಹನ ದರ್ಶನವಾಗಲೆಂದು ಗರ್ಭಗುಡಿಯ ಹಿಂಭಾಗದಲ್ಲಿ ಕನ್ನಡಿಯನ್ನಿಟ್ಟಿರುವರು. ಬೆಳಕು ಕನ್ನಡಿಯಲ್ಲಿ ತಿರುಗಿ ಬಂದರೂ ಕಣ್ಣು ಆ ತಿರುವನ್ನರಿಯದೆ, ದೇವರು ತನ್ನ ನೇರದಲ್ಲಿಯೇ ಇರುವನೆಂದು ಗ್ರಹಿಸುವುದು. ಪ್ರಿಸಂ ಕೂಡ ಹೀಗೆಯೇ; ಕನ್ನಡಿಯು ಬೆಳಕನ್ನು ಹಿಂದಿರುಗಿಸಿದರೆ ಇದು ತನ್ನ ದಪ್ಪ ತಳದ ಕಡೆಗೆ ಸ್ವಲ್ಪ ಬಾಗಿಸಿ ಕಳುಹಿಸುವುದು, ಆದ್ದರಿಂದ ವಸ್ತುವು ತೆಳು ತುದಿಯ ಕಡೆಗೆ ಜರುಗಿದಂತೆ ತೋರುವುದು. ಕಣ್ಣು ಮೂಗಿನ ಕಡೆಗೆ ಓರೆಯಾಗಿದ್ದರೆ ಪ್ರಿಸಮ್ಮಿನ ತಳವನ್ನು ಕಿವಿಯ ಕಡೆಗೆ ಇಡಬೇಕು, ಹೊರಕ್ಕೆ ಓರೆಯಾಗಿದ್ದರೆ ಮೂಗಿನ ಕಡೆಗೆ. ಕಣ್ಣು ಮೇಲೇರಿದ್ದರೆ ಆ ಕಣ್ಣಿಗೆ ತಳವು ಕೆಳಗೆ. ವಕ್ರಕ್ಕೆ ಪ್ರತಿವಕ್ರ. (ನೆಲಮಂಗಲದ ಶಿವಗಂಗೆಯ ಬೆಟ್ಟವು ಒಂದೊಂದು ದಿಕ್ಕಿನಿಂದ ನಂದಿ, ಲಿಂಗ, ಗಣಪತಿ, ಸರ್ಪ ಎಂದು ಬೇರೆಬೇರೆಯಾಗಿ ತೋರುವುದನ್ನು ಇಲ್ಲಿಗೆ ಎಳೆದು ತರಬಾರದು, ಅಲ್ಲಿ ನೋಡುವವನ ಸ್ಥಾನ ಬೇರೆಯಾಯಿತೇ ಹೊರತು ನೋಟ ಒಡೆಯಲಿಲ್ಲ.)

ಪ್ರಿಸಮ್ಮಿನ ಬಲವನ್ನು ಪ್ರಿಸಂ ಡಯಾಪ್ಟರೆಂಬ ಮಾನದಿಂದ ಅಳೆಯುವರು. ಒಂದು ಮೀಟರ್ ದೂರದಲ್ಲಿ ಬೆಳಕನ್ನು ೧ ಸೆಂಟಿಮೀಟರ್ ಜರುಗಿಸಿದರೆ ಅದು ೧; ಕಣ್ಣು ಪರೀಕ್ಷೆಯ ಫಲಕವಿರುವ ೬ ಮೀಟರ್ ದೂರಕ್ಕೆ ಅದೇ ಗಾಜು ೬ ಸೆಂಟಿಮೀಟರ್ ಜರುಗಿಸುವುದು. ಮಸೂರದ ಕೇಂದ್ರವನ್ನು ಪಕ್ಕಕ್ಕೆ ಸರಿಸಿದರೂ ಪ್ರಿಸಂ ಫಲ ದೊರೆಯುವುದು: ಸರಿಸಿದ ಸೆಂಟಿಮೀಟರನ್ನು ಮಸೂರದ ಡಯಾಪ್ಟರಿನಿಂದ ಗುಣಿಸಬೇಕು. ೪ ಡಯಾಪ್ಟರ್ ಗಾಜಿನ ಕೇಂದ್ರವನ್ನು ಅರ್ಧ ಸೆಂಟಿಮೀಟರ್ ಸರಿಸಿದರೆ ೨ ಆಯಿತು. ಪ್ರೆಂಟಿಸನ ಹೆಸರಿನಲ್ಲಿರುವ ಈ ಸೂತ್ರವು ಕನ್ನಡಕದವನಿಗೆ ಸಹಾಯಕವೂ ಹೌದು, ಅಜಾಗರೂಕನಿಗೆ ಹಗೆಯೂ ಹೌದು. ಕೇಂದ್ರವನ್ನು ತಪ್ಪಾಗಿ ಕೂಡಿಸಿದರೆ ಯಾರೂ ಬಯಸದ ಪ್ರಿಸಂ ತಾನಾಗಿಯೇ ಹುಟ್ಟುವುದು. ಪ್ರಿಸಮ್ಮಿನ ಬಲ ಹೆಚ್ಚಿದಷ್ಟೂ ಗಾಜಿನ ಅಂಚು ದಪ್ಪವಾಗಿ ಭಾರವಾಗುವುದು, ವಸ್ತುವಿನ ಸುತ್ತ ಬಣ್ಣದ ಅಂಚು ಕಾಣುವುದು. ಆದುದರಿಂದ ಬಲವನ್ನು ಎರಡು ಕಣ್ಣಿಗೂ ಹಂಚುವುದು ವಾಡಿಕೆ. ಅಳತೆ ಇನ್ನೂ ನಿಲ್ಲದಿದ್ದಾಗ, ಫ್ರೆನೆಲನ ಹೆಸರಿನ ಸಣ್ಣ ಸಣ್ಣ ಪಟ್ಟಿಗಳ ತೆಳು ಹಾಳೆಯನ್ನು ಗಾಜಿಗೆ ಅಂಟಿಸಿ ನೋಡುವರು. ಅದು ನೋಟವನ್ನು ಕೊಂಚ ಮಂಕಾಗಿಸಿದರೂ ಬೇಕಾದಾಗ ಕಿತ್ತು ಬದಲಿಸಬಹುದು.

ದೃಷ್ಟಾಂತದ ಚಂದ್ರನು ಆಕಾಶದಲ್ಲಿರುವನು. ಅವನನ್ನು ಅಂಗೈ ದೂರಕ್ಕೆ ತಂದು ಯಾರೂ ನೋಡಿಲ್ಲ. ಶಾಸ್ತ್ರಕಾರರ ಗಮನಕ್ಕೆ ಬಾರದೆ ಹೋದ ಸಂಗತಿಗಳೆಲ್ಲವೂ ಈ ಆಯ್ಕೆಯ ಹಿಂದೆಯೇ ಮರೆಯಾದವು. ಹತ್ತಿರದ್ದನ್ನು ನೋಡುವಾಗ ಎರಡು ಕಣ್ಣುಗಳೂ ಒಳಮುಖವಾಗಿ ತಿರುಗಬೇಕು, ಓದುವಾಗ ಕೆಳಮುಖವೂ ಆಗಬೇಕು. ದೂರಕ್ಕೆ ಸರಿಯಿದ್ದ ಜೋಡಿಯು ಹತ್ತಿರಕ್ಕೆ ಒಡೆಯಬಹುದು, ಹತ್ತಿರಕ್ಕೆ ಸರಿಯಿದ್ದದ್ದು ದೂರಕ್ಕೆ ಒಡೆಯಬಹುದು. ಹೊರಕ್ಕೆ ತಿರುಗಿಸುವ ಆರನೆಯ ಕಪಾಲನರವು ಸೋತವನಿಗೆ ಚಂದ್ರರು ಇಬ್ಬರು, ಕೈಯಲ್ಲಿರುವ ಪುಸ್ತಕ ಒಂದೇ. ಕಂಪವಾತದ ರೋಗಿಗಳಲ್ಲಿ ಹಲವರಿಗೆ ಕಣ್ಣು ಒಳಕ್ಕೆ ಕೂಡುವ ಶಕ್ತಿ ಕುಗ್ಗಿ, ಚಂದ್ರನೊಬ್ಬನೇ ಆದರೂ ಓಲೆಯ ಸಾಲು ಎರಡು. ಈ ಇಬ್ಬರಿಗೂ ಒಂದೇ ಪ್ರಿಸಮ್ಮನ್ನು ಗಾಜಿನ ಉದ್ದಕ್ಕೂ ಹಾಕಿದರೆ, ಒಂದು ಕಡೆ ಕೂಡಿಸಿ ಇನ್ನೊಂದು ಕಡೆ ಒಡೆದಂತೆ ಆಗುವುದು. ಬೆಂಜಮಿನ್ ಫ್ರಾಂಕ್ಲಿನನು ತನ್ನ ೧೭೮೪–೮೫ರ ಪತ್ರಗಳಲ್ಲಿ ವರ್ಣಿಸಿದ, ಎರಡು ಅರ್ಧಗಾಜುಗಳನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸಿದ ಕನ್ನಡಕವು ಇಂದಿನ ಬೈಫೋಕಲ್ಲಿನ ಮೂಲ. ಅದು ದೂರ ಹತ್ತಿರಗಳ ಬಲವನ್ನು ಬೇರೆ ಮಾಡಿತೇ ಹೊರತು ದಿಕ್ಕನ್ನು ಬೇರೆ ಮಾಡಲಿಲ್ಲ. ಆದುದರಿಂದ ಇಮ್ಮಡಿ ನೋಟದವನಿಗೆ ದೂರಕ್ಕೊಮ್ಮೆ, ಓದುವ ಅಂತರಕ್ಕೊಮ್ಮೆ ಬೇರೆಬೇರೆಯಾಗಿ ಅಳೆಯಲೇಬೇಕು. ಎರಡು ಅಳತೆಗಳೂ ಹೆಚ್ಚುಕಡಿಮೆ ಒಂದಾದರೆ ಬೈಫೋಕಲ್ಲಿನಲ್ಲಿ ಪ್ರಿಸಮ್ಮನ್ನು ಸೇರಿಸುವುದು ಸುಲಭ. ಬೇರೆಯಾದರೆ ಫ್ರೆನೆಲ್ ಹಾಳೆಯನ್ನು ಕತ್ತರಿಸಿ ಮೇಲ್ಭಾಗಕ್ಕೋ ಕೆಳಗಿನ ಓದುವ ತುಂಡಿಗೋ ಮಾತ್ರ ಅಂಟಿಸಬಹುದು. ಇಲ್ಲವೆ ಬೈಫೋಕಲ್ಲಿನ ಆಸೆಯನ್ನು ಬಿಟ್ಟು ಎರಡು ಕನ್ನಡಕಗಳನ್ನು ಕೊಡುವುದೇ ಲೇಸು. ಒಂದೇ ಕನ್ನಡಕದಲ್ಲಿ ಎಲ್ಲವನ್ನೂ ತುಂಬಬೇಕೆಂಬ ಅಂಗಡಿಯವರ ಉತ್ಸಾಹವು ಇಲ್ಲಿ ಶ್ಲಾಘ್ಯವಲ್ಲ.

ನಾಲ್ಕನೆಯ ನರವು ಸೋತವನ ಪಾಡು ಇನ್ನೂ ಕಠಿನ. ಅವನಿಗೆ ಕೆಳಕ್ಕೆ ನೋಡಿದಾಗಲೇ ಒಡಕು ಹೆಚ್ಚು. ಮೆಟ್ಟಿಲಿಳಿಯುವುದೂ ಓದುವುದೂ ಎರಡೂ ಕೆಳನೋಟವೇ. ಬೈಫೋಕಲ್ಲಿನ ಓದುವ ತುಂಡು ಕೆಳಗಿರುವುದರಿಂದ, ಅದು ಅವನನ್ನು ಒಡಕು ಹೆಚ್ಚಾಗಿರುವ ಸ್ಥಳಕ್ಕೇ ನೂಕುವುದು. ಇಂತಹವನು ಕುತ್ತಿಗೆಯನ್ನು ಒಂದು ಕಡೆಗೆ ವಾಲಿಸಿ ಗಲ್ಲವನ್ನು ತಗ್ಗಿಸಿ ನೋಟವನ್ನು ಕೂಡಿಸಿಕೊಳ್ಳುವ ಅಭ್ಯಾಸವನ್ನು ತಾನಾಗಿಯೇ ಕಲಿತಿರುವನು. ಅವನ ತಲೆಯನ್ನು ನೆಟ್ಟಗೆ ಹಿಡಿದು ಅಳೆದರೆ ಓದುವ ತುಂಡಿನ ಎತ್ತರ ತಪ್ಪುವುದು. ಸಾಮಾನ್ಯವಾಗಿ ಕೆಳರೆಪ್ಪೆಯ ಅಂಚಿಗೆ ತುಂಡಿನ ಮೇಲಂಚು ಬರುವಂತೆ ಕೂಡಿಸುವರಾದರೂ, ಇವನಿಗೆ ಅವನ ಸಹಜವಾದ ಭಂಗಿಯಲ್ಲಿಯೇ ಅಳೆಯಬೇಕು. ನೇಯುವವನ ವಿಷಯದಲ್ಲಿಯೂ ಇಂತಹದೇ ವಿವೇಕ ಬೇಕು. ಪುಸ್ತಕದ ಅಂತರವೇ ಬೇರೆ, ಮಗ್ಗದ ಮೇಲಿನ ಎಳೆಯ ಅಂತರವೇ ಬೇರೆ. ಹಣಿಗೆಯಲ್ಲಿ ಒಂದೆಳೆ ಎರಡಾಗಿ ಕಂಡರೆ ಕಡಿದ ಎಳೆಯನ್ನು ಹುಡುಕುವುದೆಂತು? ಅವನ ಕೈ ಚಾಚಿದಷ್ಟು ದೂರವನ್ನು ಅಳೆಯದೆ ಕೊಟ್ಟ ಬೈಫೋಕಲ್ ಮನೆಯ ಗೂಡಿನಲ್ಲಿ ಉಳಿಯುವುದು.

ಕನ್ನಡಕವೇ ಇಮ್ಮಡಿ ನೋಟವನ್ನು ಹುಟ್ಟಿಸುವುದೂ ಉಂಟು. ಒಂದು ಕಣ್ಣಿನ ಪೊರೆ ತೆಗೆದು ಇನ್ನೊಂದರದು ಉಳಿದವರಲ್ಲಿ ಎರಡು ಕಣ್ಣಿನ ಬಲವೂ ಬಹಳ ವ್ಯತ್ಯಾಸವಾಗಬಹುದು. ಬಲಗಣ್ಣಿಗೆ ಋಣ ೧, ಎಡಗಣ್ಣಿಗೆ ಋಣ ೪ ಡಯಾಪ್ಟರ್ ಎಂದಿಟ್ಟುಕೊಂಡರೆ, ಗಾಜಿನ ಕೇಂದ್ರದಿಂದ ೧ ಸೆಂಟಿಮೀಟರ್ ಕೆಳಗೆ ಓದುವಾಗ ಒಂದು ಕಣ್ಣಿಗೆ ೧, ಇನ್ನೊಂದಕ್ಕೆ ೪ ಪ್ರಿಸಂ, ವ್ಯತ್ಯಾಸ ೩. ಮೇಲುಕೆಳಗಿನ ವ್ಯತ್ಯಾಸವನ್ನು ಕಣ್ಣುಗಳು ಬಹು ಸ್ವಲ್ಪವೇ ತಾಳುವುವು. ಸಾಲಿನ ಮೇಲೆ ಸಾಲು ಏರುವುದು. ಗಾಜಿನ ಕೆಳಭಾಗವನ್ನು ಮಾತ್ರ ಬೇರೆ ಕೇಂದ್ರವಿಟ್ಟು ಅರೆದು ಇದನ್ನು ಸರಿಪಡಿಸುವ ಉಪಾಯವಿದೆ. ರೋಗಿಯನ್ನು ಓದಿಸಿ ನೋಡದೆ ದೂರದ ಫಲಕದ ಮುಂದಷ್ಟೇ ಪರೀಕ್ಷಿಸಿ ಕಳುಹಿಸಿದವರಿಗೆ ಈ ತೊಂದರೆಯ ಸುಳಿವೇ ಸಿಗದು.

ಕನ್ನಡಕಕ್ಕೆ ಮೊದಲು ವೈದ್ಯನೆಂಬುದನ್ನು ಇಲ್ಲಿಯೇ ಹೇಳಬೇಕು. ಹಠಾತ್ತಾಗಿ ಒಂದು ಎರಡಾದರೆ ಅದು ಸಕ್ಕರೆಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ನರ ಸೋತ ಚಿಹ್ನೆಯಾಗಿರಬಹುದು. ರೆಪ್ಪೆ ಇಳಿದು, ತಲೆನೋವಿದ್ದು, ಪಾಪೆ ಹಿಗ್ಗಿದ್ದರೆ ಮಿದುಳಿನ ರಕ್ತನಾಳವು ಉಬ್ಬಿರುವ ಭಯವುಂಟು, ಅದು ಗಳಿಗೆಗಳ ಮಾತು. ಬೆಂಗಳೂರಿನಲ್ಲಿ ಶತಮಾನ ದಾಟಿದ ಮಿಂಟೋ ಕಣ್ಣಾಸ್ಪತ್ರೆಯಿದ್ದು, ದೇವನಹಳ್ಳಿ ನೆಲಮಂಗಲಗಳಿಂದ ಅದು ಒಂದು ದಿನದ ಪ್ರಯಾಣವೂ ಅಲ್ಲ. ನರದ ಸೋಲು ಕೆಲವು ತಿಂಗಳಲ್ಲಿ ತಾನಾಗಿ ಗುಣವಾಗುವುದೂ ಉಂಟಾದ್ದರಿಂದ, ಅಳತೆ ನಿಲ್ಲುವವರೆಗೆ ಗಾಜಿನಲ್ಲಿ ಪ್ರಿಸಮ್ಮನ್ನು ಅರೆಯಿಸುವ ಆತುರ ಸಲ್ಲದು.

ಕನ್ನಡಕಕ್ಕೂ ಕರ್ಣಾಟಕದ ಶಾಸ್ತ್ರಪರಂಪರೆಗೂ ನಂಟು ಇಂದಿನದಲ್ಲ. ನ್ಯಾಯಾಮೃತಕಾರರಾದ ಶ್ರೀ ವ್ಯಾಸರಾಯರ ಚರಿತ್ರೆಯನ್ನು ಹೇಳುವ ಸೋಮನಾಥಕವಿಯ ವ್ಯಾಸಯೋಗಿಚರಿತವೆಂಬ ಚಂಪೂಕಾವ್ಯವು ೧೯೨೬ರಲ್ಲಿ ಬೆಂಗಳೂರಿನಲ್ಲಿ ವೆಂಕೋಬರಾಯರ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ‘ಉಪಲೋಚನಗೋಲಕ’ವು ಕನ್ನಡಕವೇ ಎಂದು ಪಿ. ಕೆ. ಗೋಡೆಯವರು ವಿವರಿಸಿರುವರು. ೧೫೩೯ರಲ್ಲಿ ವೃಂದಾವನಸ್ಥರಾದ ಯತಿಗಳು ಗ್ರಂಥಾವಲೋಕನಕ್ಕೆ ಇದನ್ನು ಬಳಸಿದರೆಂಬುದು ನಂಬಲು ಕಷ್ಟವಲ್ಲ. ದ್ವೈತಸಿದ್ಧಾಂತದ ಮಹಾಪುರುಷರಿಗೆ ಗಾಜಿನ ಕಣ್ಣು ಬೇಕಾಯಿತೆಂದು ದ್ವಿಚಂದ್ರವನ್ನು ಸೇರಿಸಿ ಪರಿಹಾಸ ಮಾಡುವ ಪಂಡಿತರುಂಟು. ಅದು ಜಗಲಿಯ ಮಾತು, ಶಾಸ್ತ್ರದ ಮಾತಲ್ಲ. ಭೇದವನ್ನು ಸಾಧಿಸುವವರು ಇಲ್ಲದ ಭೇದವನ್ನು ಕಾಣುವವರ ಸಾಕ್ಷಿಯನ್ನು ಎಂದೂ ಕೇಳಿಲ್ಲ.

ಪ್ರಿಸಂ ಎಬ್ಬಿಸುವ ಹೊಸ ಪ್ರಶ್ನೆಯೊಂದಿದೆ. ದೋಷವು ತೊಲಗಿದಾಗ ಒಬ್ಬ ಚಂದ್ರನು ಕಾಣುವನೆಂದು ಶ್ರೀಭಾಷ್ಯ. ಇಲ್ಲಿಯಾದರೋ ದೋಷವು ತೊಲಗಲಿಲ್ಲ. ಕಣ್ಣು ಓರೆಯಾಗಿಯೇ ಇದೆ, ಕನ್ನಡಕವನ್ನು ಕಳಚಿದೊಡನೆ ಎರಡನೆಯವನು ಮರಳುವನು. ದೋಷವಿದ್ದೂ ಪ್ರಮೆಯು ಹುಟ್ಟಿತು. ದೋಷಾಭಾವವೊಂದರಿಂದಲೇ ಜ್ಞಾನವು ಸರಿಯಾಗುವುದೆಂಬ ಮೀಮಾಂಸಕರಿಗೆ ಇದನ್ನು ಹೊಂದಿಸುವುದು ಕಷ್ಟವಾದೀತು. ಕಾರಣದಲ್ಲಿ ಗುಣವೆಂಬ ಹೆಚ್ಚಿನದೊಂದು ಸೇರಿ ಪ್ರಮೆಯಾಗುವುದೆಂಬ ನೈಯಾಯಿಕರು ಗಾಜನ್ನೇ ಆ ಗುಣವೆಂದು ತೋರಿಸಿ ಸಂತೋಷಪಡಬಹುದು. ಮೀಮಾಂಸಕನು, ದೋಷದ ಫಲವು ಗಾಜಿನಿಂದ ತಡೆಯಲ್ಪಟ್ಟಿತಾದ್ದರಿಂದ ಅದು ದೋಷಾಭಾವಕ್ಕೆ ಸಮಾನವೆನ್ನುವನು. ಇದರಲ್ಲಿ ಅವನ ಉತ್ತರ ದುರ್ಬಲವೆಂದೇ ತೋರುತ್ತದೆ. ತಡೆಯುವುದಕ್ಕೆ ಬಂದ ಗಾಜು ಭಾವಪದಾರ್ಥವೇ ಹೊರತು ಅಭಾವವಲ್ಲ.

ಕೊನೆಯದಾಗಿ, ಚಂದ್ರನು ದುಂಡಗಿರುವನು. ದೃಷ್ಟಾಂತವನ್ನು ಆರಿಸಿದವರು ಇದನ್ನು ಯೋಚಿಸಿರಲಾರರು. ನಾಲ್ಕನೆಯ ನರವು ಸೋತಾಗ ಎರಡನೆಯ ಬಿಂಬವು ಪಕ್ಕಕ್ಕೋ ಕೆಳಕ್ಕೋ ಜರುಗುವುದಲ್ಲದೆ ವಾಲಿಯೂ ತೋರುವುದು. ಹುಣ್ಣಿಮೆಯ ಚಂದ್ರನು ಎಷ್ಟು ವಾಲಿದರೂ ದುಂಡಗೇ ಇರುವುದರಿಂದ ನೋಡುವವನಿಗೂ ಬರೆಯುವವನಿಗೂ ಅದು ತಿಳಿಯಲಿಲ್ಲ. ದೃಷ್ಟಾಂತವು ಗರುಡಗಂಬವಾಗಿದ್ದರೆ, ಅಥವಾ ತಾಳೆಯೋಲೆಯ ಒಂದು ಸಾಲಾಗಿದ್ದರೆ, ಒಂದು ನೆಟ್ಟಗೆ ಒಂದು ಓರೆಯಾಗಿ ನಿಂತು ಆಚಾರ್ಯರ ಗಮನವನ್ನು ಸೆಳೆಯುತ್ತಿತ್ತು. ಬರಿಯ ದೇಶಭೇದದಿಂದ ಇದನ್ನು ವಿವರಿಸಲಾಗದೆಂದು ಆಗಲೇ ಗೊತ್ತಾಗುತ್ತಿತ್ತು. ಕನ್ನಡಕ ಅಳೆಯುವವನು ಈ ಕಾರಣದಿಂದಲೇ ದೀಪದ ಚುಕ್ಕೆಯನ್ನಲ್ಲದೆ ದೀಪದ ಗೆರೆಯನ್ನೂ ರೋಗಿಗೆ ತೋರಿಸುವನು. ಗೆರೆಗಳೆರಡೂ ಸಮಾಂತರವಾಗಿದ್ದರೆ ಪ್ರಿಸಮ್ಮಿನಿಂದ ಅವನ್ನು ಒಂದಾಗಿಸಬಹುದು. ಒಂದು ಓರೆಯಾಗಿದ್ದರೆ ಪ್ರಿಸಂ ಅದನ್ನು ಜರುಗಿಸೀತೇ ಹೊರತು ತಿರುಗಿಸಲಾರದು. ಆಗ ಉಳಿದ ದಾರಿ ಕಣ್ಣಿನ ಮಾಂಸಖಂಡಕ್ಕೆ ಶಸ್ತ್ರಚಿಕಿತ್ಸೆ, ಅದು ಒದಗುವವರೆಗೆ ಒಂದು ಗಾಜಿಗೆ ಅಂಟಿಸುವ ಮಸುಕು ಹಾಳೆ.